ಕೊಂಡಿಗೆ ಹಾಕಿದ ಬೀಗ

ಅವತ್ತು ಬ್ರೇಕ್ ತುಳಿದು ಕೂತಿದ್ದು ಇವತ್ತಿಗೂ ಮರೆತಿಲ್ಲ.

ಕಣ್ಣು ಪರೀಕ್ಷೆಯ ಕ್ಯಾರವಾನನ್ನು ಜೀಪಿನ ಹಿಂದೆ ಕಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತೋದು ನನ್ನ ಕೆಲಸ. ಯಾರಾದರೂ ಬಿಚ್ಚಿಕೊಂಡು ಹೋದಾರೆಂದು ಎರಡನ್ನೂ ಜೋಡಿಸುವ ಕೊಂಡಿಗೆ ಉಕ್ಕಿನ ಬೀಗ ಹಾಕಿದ್ದೆ. ಓಡಿಸುವಾಗಲೂ ಅದನ್ನು ತೆಗೀತಿರಲಿಲ್ಲ.

ಯಲಿಯೂರು ಹತ್ತಿರ ನಾಲೆ ಏರಿ ಮೇಲೆ ಎದುರಿಗೆ ಕಬ್ಬಿನ ಟ್ರಾಕ್ಟರ್ ಬಂತು. ಜಾಗ ಬಿಡೋಣ ಅಂತ ರಿವರ್ಸ್ ತೆಗೆದೆ. ಕ್ಯಾರವಾನಿನ ಒಂದು ಚಕ್ರ ಏರಿಯಿಂದ ಜಾರಿ ನೀರಿನ ಕಡೆ ವಾಲಿತು. ಬ್ರೇಕ್ ಒತ್ತಿ ಹಿಡಿದಿದ್ದರೂ ಜೀಪು ಇಂಚಿಂಚೇ ಹಿಂದಕ್ಕೆ ಸರಿಯತೊಡಗಿತು.

ಟ್ರಾಕ್ಟರಿನವನು ಧುಮುಕಿ ಓಡಿ ಬಂದ. "ಹಿಂದಿನ ಗಾಡಿ ಓದ್ರೆ ಓಗ್ಲಿ, ಕೊಂಡಿ ಕಳಚ್‌ಬುಡ್ತೀನಿ! ಬ್ರೇಕ್ ಬುಡಬ್ಯಾಡ ಕಣಮ್ಮ!"

ಜೀಪಿನ ಹಿಂದಕ್ಕೆ ಓಡಿ ಕೊಂಡಿಗೆ ಕೈ ಹಾಕಿದ.

"ಇದ್ಯಾಕಮ್ಮ ಬೀಗ? ಕೀ ಎಲ್ಲಿ?"

ಪ್ರಾಣ ಹೋಗೋ ಹೊತ್ತಲ್ಲೂ ಹೇಳೋಕೆ ನಾಚಿಕೆ.

"ಕ್ಯಾರವಾನ್ ಒಳಗೆ."

ಬೈಯೋಕೂ ನಿಲ್ಲದೆ ಆತ ಸರಪಳಿ ತಂದು ಜೀಪಿನ ಮುಂಭಾಗವನ್ನು ಟ್ರಾಕ್ಟರಿಗೆ ಬಿಗಿದ. ಟ್ರಾಕ್ಟರ್ ಗುಡುಗುತ್ತಾ ಹಿಂದಕ್ಕೆ ಸರಿದು ಜೀಪನ್ನು ಎಳೆಯಿತು. ಚಕ್ರ ಏರಿ ಹತ್ತಿತು.

ನಾನು ಕೆಳಗಿಳಿದೆ. "ಕಳ್ಳರ ಭಯಕ್ಕೆ ಹಾಕಿದ್ದೆ," ಅಂದೆ.

ಆತ ತನ್ನ ಟ್ರಾಕ್ಟರಿಗೆ ಕಬ್ಬಿನ ಟ್ರೈಲರ್ ಜೋಡಿಸಿದ್ದ ಕಡೆ ಕೈ ತೋರಿಸಿದ. ಅಲ್ಲಿ ಬೀಗ ಇರಲಿಲ್ಲ. ಕೈಯಲ್ಲೇ ಕೀಳಬಹುದಾದ ಒಂದು ಪಿನ್ ಇತ್ತು.

"ನಿಲ್ಸಿದಾಗ ಎಷ್ಟ್ ಬೀಗನಾದ್ರೂ ಆಕ್ಕೋ. ಎಳ್ಕಂಡ್ ಓಗೋವಾಗ ತಗ್ದುಬುಡು. ನಮ್ ಕಡೆ ಕಳ್ರು ಕಮ್ಮಿ, ನಾಲೆ ಜಾಸ್ತಿ ಕಣಮ್ಮ."