ಕಿಟಕಿ ಮುಚ್ಚುವ ಅಮ್ಮ, ಕಿಟಕಿ ತೆರೆಯುವ ಅಜ್ಜ

ಕಳೆದ ಶನಿವಾರ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ಹೆಂಡರ್ಸನ್ ಬಡಾವಣೆಯ ನಮ್ಮ ಮನೆ ಬಾಗಿಲಿಗೆ ಅಪರಿಚಿತ ಹೆಂಗಸೊಬ್ಬರು ಬಂದು ಶೂ ಡಬ್ಬಿಯೊಂದನ್ನು ನನ್ನ ಕೈಗಿತ್ತರು. ಒಳಗೆ ಹಳೇ ಟವೆಲಿನಲ್ಲಿ ಸುತ್ತಿದ್ದ ಹಿತ್ತಾಳೆಯ ದುಂಡನೆಯ ಯಂತ್ರ. ನೋಡಲು ಗಡಿಯಾರದ ಹಾಗಿದೆ, ಆದರೆ ಮುಳ್ಳು ಒಂದೇ. ಮನೆಯೊಳಗಿನ ಗಾಳಿಯಲ್ಲಿ ಎಷ್ಟು ತೇವವಿದೆ ಎಂದು ಆ ಮುಳ್ಳು ತೋರಿಸುತ್ತದೆ. ಟವೆಲು ಬಿಚ್ಚಿದ್ದೇ ತಡ, ಸಾಂಬ್ರಾಣಿಯ ವಾಸನೆ ಮೂಗಿಗೆ ಬಂತು. ಇಷ್ಟು ವರ್ಷಗಳ ಮೇಲೂ... ಯಂತ್ರದ ಬೆನ್ನಿಗೆ ಒಂದು ಚೀಟಿ ಅಂಟಿಸಿತ್ತು. ಅದರ ಮೇಲೆ ನಡುಗುವ ಇಂಗ್ಲಿಷ್ ಅಕ್ಷರಗಳಲ್ಲಿ 'ಕಿಟಕಿ ಮುಚ್ಚುವ ಅಮ್ಮನವರಿಗೆ' ಎಂದಿತ್ತು. ಆ ಹೆಂಗಸು ಅದನ್ನು ಬರೆದವರ ಮಗಳು. ಅಪ್ಪ ಹೋದ ತಿಂಗಳು ತೀರಿಕೊಂಡರು ಎಂದು ಹೇಳಿ, ಕಾಫಿಗೂ ನಿಲ್ಲದೆ ಹೊರಟುಹೋದರು.

ಅವರು ವೆಲ್ಲಿಂಗ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜ. ಪಕ್ಕದ ಮನೆ ಎಂದರೆ, ಗುಡ್ಡದ ಮೇಲಿನ ಒಂದೇ ಮರದ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ನಾವು ಈ ಕಡೆ ಸೀನಿದರೆ ಅವರು ಆ ಕಡೆಯಿಂದ 'ಬ್ಲೆಸ್ ಯೂ' ಅನ್ನುತ್ತಿದ್ದರು. ಹೆಂಡತಿ ಇಲ್ಲದ ಒಂಟಿ ಮನುಷ್ಯ, ಎಂಥ ಚಳಿಗಾಲದಲ್ಲೂ ಚಡ್ಡಿಯಲ್ಲೇ ಓಡಾಡುವವರು. ಹವಾಮಾನ ಇಲಾಖೆಯಲ್ಲಿ ದಿನವೂ ಬಲೂನು ಹಾರಿಸಿ ಮೇಲಿನ ಗಾಳಿಯ ಸಮಾಚಾರ ಸಂಗ್ರಹಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಒಬ್ಬ ದೊಡ್ಡ ಮನುಷ್ಯನಿಗೆ ಬಲೂನು ಬಿಡಲು ಸಂಬಳ ಕೊಡುತ್ತಾರೆಂಬುದನ್ನು ನಮ್ಮ ಅಮ್ಮ ಇವತ್ತಿಗೂ ನಂಬಿಲ್ಲ.

ಅಮ್ಮ ಮೈಸೂರಿನಿಂದ ನನ್ನ ಬಾಣಂತನಕ್ಕೆ ಬಂದಿದ್ದಳು. ವಿಮಾನದಿಂದ ಇಳಿದು ಹೊರಗೆ ಕಾಲಿಟ್ಟವಳೇ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇದೇನೇ ಇದು, ಊರೋ ಬೀಸಣಿಗೆಯೋ?" ಅಂದಳು. ಬಾಣಂತಿಗೂ ಮಗುವಿಗೂ ಗಾಳಿ ಸೋಕಬಾರದು ಎನ್ನುವುದು ಅಮ್ಮನ ಸಂವಿಧಾನದ ಮೊದಲ ವಿಧಿ. ಅಂಥವಳನ್ನು ಗಾಳಿಗೇ ಹೆಸರಾದ ಊರಿಗೆ ಕರೆಸಿಕೊಂಡದ್ದು ನನ್ನ ತಪ್ಪು.

ಆಸ್ಪತ್ರೆಯಿಂದ ಮಗಳನ್ನೆತ್ತಿಕೊಂಡು ಮನೆಗೆ ಬರುವಷ್ಟರಲ್ಲಿ ಅಮ್ಮ ಕೆಲಸ ಮುಗಿಸಿದ್ದಳು. ಹಳೇ ಸೀರೆ ಹರಿದು ಕಿಟಕಿಗಳ ಸಂದಿಗೆಲ್ಲ ತುರುಕಿ, ಮೇಲೆ ಟೇಪು ಬಡಿದಿದ್ದಳು. ಬಾಗಿಲಲ್ಲಿ ಕಾಗದ ಹಾಕುವ ಕಿಂಡಿಯೊಳಗೆ ನನ್ನ ಗಂಡನ ಉಣ್ಣೆಯ ಕಾಲುಚೀಲ ಇತ್ತು. ನನ್ನ ಕಿವಿಗೆ ಹತ್ತಿ, ತಲೆಗೆ ಮಫ್ಲರು. ಆ ಮನೆಯಲ್ಲಿ ನಡೆದ ಎಲ್ಲ ಜಗಳಗಳನ್ನೂ ನಾನು ಹತ್ತಿಯ ಮೂಲಕವೇ ಕೇಳಿದ್ದು, ಹಾಗಾಗಿ ಕೆಲವು ಬೈಗುಳಗಳು ತಪ್ಪಿಹೋಗಿರಬಹುದು.

ಗಾಳಿ ಹೊರಗೆ ನಿಂತಿತು, ಮಿಕ್ಕದ್ದೆಲ್ಲ ಒಳಗೆ ಉಳಿಯಿತು. ದಿನಕ್ಕೆರಡು ಸಲ ಕುದಿಯುವ ನೀರಿನ ಸ್ನಾನದ ಹಬೆ, ಕುಕ್ಕರಿನ ಹಬೆ, ಬಾಣಂತಿ ಸಾರಿನ ಹಬೆ. ಹೊರಗೆ ಒಣಹಾಕಿದ ಮಗುವಿನ ಬಟ್ಟೆಯೊಂದು ಹಾರಿ ಅಜ್ಜನ ಚಾವಣಿ ಸೇರಿದ ಮೇಲೆ ಬಟ್ಟೆಗಳೂ ಕೋಣೆಯಲ್ಲೇ ಒಣಗತೊಡಗಿದವು. ಬೆಳಗಾದರೆ ಕಿಟಕಿಯ ಗಾಜಿನ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಅಮ್ಮ ಅದನ್ನು ಪಂಚೆಯಿಂದ ಒರೆಸಿ, ಹಿಂಡಿ, ಆ ಪಂಚೆಯನ್ನೂ ಅಲ್ಲೇ ಒಣಹಾಕುತ್ತಿದ್ದಳು.

ಅಜ್ಜ ನಮ್ಮ ಮನೆಯೊಳಗೆ ಬಂದದ್ದು ಸಾಂಬ್ರಾಣಿಯ ದೆಸೆಯಿಂದ. ಅಮ್ಮ ಬಾರ್ಬೆಕ್ಯೂ ಇದ್ದಿಲನ್ನು ಗ್ಯಾಸಿನ ಮೇಲೆ ಕೆಂಡ ಮಾಡಿ, ಊರಿಂದ ತಂದ ಸಾಂಬ್ರಾಣಿ ಪುಡಿ ಹಾಕಿ ಮಗುವಿನ ತಲೆಗೆ ಹೊಗೆ ಕೊಡುತ್ತಿದ್ದಳು. ಚಾವಣಿಯಲ್ಲಿದ್ದ ಹೊಗೆಯ ಅಲಾರಂ ಕಿರುಚಿಕೊಂಡಿತು. ಎರಡೇ ನಿಮಿಷದಲ್ಲಿ ಅಜ್ಜ ಚಡ್ಡಿಯಲ್ಲಿ, ಕೈಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬೆಂಕಿ ಎಲ್ಲಿ ಎಂದು ಅವರು ಕೇಳಿದರು. ಅಮ್ಮ ಧೂಪಾರತಿಯನ್ನು ಅವರ ಮುಂದೆ ಹಿಡಿದಳು. ಅವರು ಕ್ಷಣ ಯೋಚಿಸಿ, ಬಗ್ಗಿ, ಒಮ್ಮೆ ಮೂಸಿ, ಸಿಲಿಂಡರನ್ನು ಕೆಳಗಿಟ್ಟರು. ಆಮೇಲೆ ಗೋಡೆ ಮುಟ್ಟಿ ನೋಡಿದರು. ಒದ್ದೆಯಾದ ಬೆರಳನ್ನು ನನ್ನ ಗಂಡನಿಗೆ ತೋರಿಸಿದರು.

ಮಾರನೇ ದಿನ ಆ ಹಿತ್ತಾಳೆಯ ಯಂತ್ರ ನಮ್ಮ ಗೋಡೆಗೆ ಬಂತು, ಯುದ್ಧವೂ ಶುರುವಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಅಜ್ಜ ಬಂದು ಮುಳ್ಳು ನೋಡಿ ತಲೆ ಅಲ್ಲಾಡಿಸಿ ಟೇಪು ಕಿತ್ತು ಕಿಟಕಿ ತೆರೆಯುವುದು, ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ಅಮ್ಮ ಮುಚ್ಚುವುದು. ಅವರಿಗೆ ಕನ್ನಡ ಬಾರದು, ಅವಳಿಗೆ ಇಂಗ್ಲಿಷ್ ಬೇಡ. ನಡುವೆ ದುಭಾಷಿಯಾಗಿ ಸಿಕ್ಕಿಬಿದ್ದವನು ನನ್ನ ಗಂಡ. ಹುಬ್ಬಳ್ಳಿಯವನಾದರೂ ಅತ್ತೆಯ ಎದುರು ಅವನ ಗಡಸುತನವೆಲ್ಲ ಇಳಿದುಹೋಗುತ್ತದೆ.

"ಅವರೇನು ಹೆತ್ತಿದ್ದಾರಾ? ಬಾಣಂತನದ ವಿಷಯ ಅವರಿಗೇನು ಗೊತ್ತು, ಕೇಳಿ ಅಳಿಯಂದಿರೇ," ಎಂದು ಅಮ್ಮ ಒಮ್ಮೆ ಅಂದಳು.

ಅವನು ಅಜ್ಜನ ಕಡೆ ತಿರುಗಿ, ನಿಮ್ಮ ಕಾಳಜಿಗೆ ಅತ್ತೆ ಥ್ಯಾಂಕ್ಸ್ ಹೇಳ್ತಿದ್ದಾರೆ ಎಂದ. ಈ ಮನೆಯಲ್ಲಿ ಅಣಬೆ ಬೆಳೆದೀತು ಎಂದು ಅಜ್ಜ ಉತ್ತರ ಕೊಟ್ಟರು.

"ಏನಂತೆ?"

"ಮನಿ ಭಾಳ ಬೆಚ್ಚಗದ ಅಂತಾರ್ರೀ ಅತ್ತೆ."

ಹಾಸಿಗೆಯಲ್ಲಿ ಮಲಗಿದ್ದ ನಾನು ಇಬ್ಬರ ಮಾತೂ ಅರ್ಥವಾಗಿಯೂ ಬಾಯಿ ಬಿಡಲಿಲ್ಲ. ನಕ್ಕರೆ ಹೊಲಿಗೆ ನೋಯುತ್ತಿತ್ತು. ಅಮ್ಮ ಅವರಿಗೆ ಗಾಳಿರಾಯರು ಎಂದು ಹೆಸರಿಟ್ಟಳು. ಯಂತ್ರದ ಮೇಲೆ ಒಂದು ಟವೆಲು ಹೊದಿಸಿ, ಅದೀಗ ಸುಮ್ಮನಿದೆ ನೋಡು ಅಂದಳು. ನಾನೂ ಅದನ್ನು ತಮಾಷೆಯೆಂದೇ ತೆಗೆದುಕೊಂಡೆ... ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಗಳಿಗೆ ಆರನೇ ವಾರ ನಡೆಯುತ್ತಿತ್ತು. ಮೊದಲು ಕೆಮ್ಮು, ಆಮೇಲೆ ಎದೆಯಲ್ಲಿ ಗೊರಗೊರ. ಒಂದು ಮಧ್ಯಾಹ್ನ ಹಾಲು ಕುಡಿಯುವುದನ್ನು ಬಿಟ್ಟು, ಪಕ್ಕೆ ಒಳಗೆ ಎಳೆದುಕೊಂಡು ಉಸಿರಾಡತೊಡಗಿದಳು. ಆಸ್ಪತ್ರೆಗೆ ಓಡಿದೆವು. ಮೂರು ದಿನ ಅಷ್ಟು ಚಿಕ್ಕ ಮೂಗಿಗೆ ಆಮ್ಲಜನಕದ ನಳಿಕೆ. ಮನೆ ತೇವವೇ ಎಂದು ಡಾಕ್ಟರು ಕೇಳಿದರು. ಅತ್ತ ಮನೆಯಲ್ಲಿ ಅಜ್ಜ ತೊಟ್ಟಿಲನ್ನು ಗೋಡೆಯಿಂದ ಸರಿಸಿ ನೋಡಿದ್ದರಂತೆ. ತೊಟ್ಟಿಲ ಹಿಂದೆ ಮಗುವಿನ ತಲೆಯ ನೇರಕ್ಕೆ ಅಂಗೈ ಅಗಲದ ಕಪ್ಪು ಬೂಷ್ಟು ಹಬ್ಬಿತ್ತು. ಅವರು ಮೊಣಕಾಲೂರಿ ಕೂತು ವಿನಿಗರ್ ಹಾಕಿ ಗೋಡೆ ಉಜ್ಜುವಾಗ ಅಮ್ಮ ಪಕ್ಕದಲ್ಲಿ ಬಕೆಟು ಹಿಡಿದು ನಿಂತಿದ್ದಳಂತೆ.

ಮಗಳು ಹುಷಾರಾಗಿ ಮನೆಗೆ ಬಂದಳು. ಆದರೆ ಅಮ್ಮ ಅಮ್ಮನಾಗಿ ಉಳಿದಿರಲಿಲ್ಲ. ಮನೆಯ ಕಿಟಕಿಗಳನ್ನೆಲ್ಲ ತಾನೇ ತೆರೆದಿಟ್ಟು, ಶಾಲು ಹೊದ್ದು ನಡುಗುತ್ತ ಮೂಲೆಯಲ್ಲಿ ಕೂತಿರುತ್ತಿದ್ದಳು. ಮಗುವನ್ನು ಎತ್ತಿಕೋ ಎಂದರೆ, "ಬೇಡ, ನನ್ನ ಕೈ ಒಳ್ಳೇದಲ್ಲ," ಅನ್ನುವಳು. ಟಿಕೆಟಿನ ದಿನ ಹಿಂದಕ್ಕೆ ಹಾಕಿಸಿ, ಬೇಗ ಊರಿಗೆ ಹೋಗುತ್ತೇನೆ ಎಂದು ಹಟ ಹಿಡಿದಳು. ನಾಲ್ಕು ಮಕ್ಕಳ ಬಾಣಂತನ ಮಾಡಿದ ಹೆಂಗಸು ಐದನೆಯದರಲ್ಲಿ ಸೋತೆ ಎಂದುಕೊಂಡು ಕೂತಿದ್ದಳು. ನಾನು ಏನು ಹೇಳಿದರೂ ಅದು ಅವಳಿಗೆ ಬರೀ ಸಮಾಧಾನದ ಮಾತಾಗಿಯೇ ಕೇಳುತ್ತಿತ್ತು. ಅವಳು ಹೀಗೇ ಹೊರಟುಹೋದರೆ ಮುಂದೆಂದೂ ಈ ಮೊಮ್ಮಗಳನ್ನು ಮುಟ್ಟುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಈ ವಿಷಯವನ್ನು ನನ್ನ ಗಂಡ ಬೇಲಿಯ ಬಳಿ ಅಜ್ಜನಿಗೆ ಹೇಳಿದ, ಬಹುಶಃ ಮೊದಲ ಸಲ ಯಾವ ಸಕ್ಕರೆಯನ್ನೂ ಬೆರೆಸದೆ. ಅಜ್ಜ ನಮ್ಮನ್ನೆಲ್ಲ ಚಹಾಕ್ಕೆ ಕರೆದರು. ಅಮ್ಮ ಒಲ್ಲದ ಮನಸ್ಸಿನಿಂದ, ಆದರೆ ಒಳ್ಳೇ ಸೀರೆ ಉಟ್ಟು ಬಂದಳು.

ಅವರ ಅಡುಗೆಮನೆಯ ಕಿಟಕಿಯಲ್ಲಿ ಒಂದು ದೊಡ್ಡ ಗಾಜಿನ ಜಾಡಿ ಇತ್ತು. ಒಳಗೆ ಒಂದಿಷ್ಟು ಮಣ್ಣು, ಪಾಚಿ, ಚಿಕ್ಕ ಜರಿಗಿಡಗಳು. ಬಾಯಿಗೆ ಬಿರಡೆ ಹಾಕಿ ಮೇಲೆ ಮೇಣ ಹಚ್ಚಿತ್ತು. ನಾವು ಬಿಸ್ಕತ್ತು ತಿನ್ನುತ್ತಿದ್ದರೆ ಅಮ್ಮ ಆ ಜಾಡಿಯನ್ನು ನಾಲ್ಕೂ ಕಡೆಯಿಂದ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಇದರ ಮುಚ್ಚಳ ಯಾವಾಗ ತೆಗೀತಾರಂತೆ, ಕೇಳು," ಅಂದಳು.

ಕೇಳಿದೆ. ತೆಗೆಯುವುದೇ ಇಲ್ಲ, ತಾವೂ ಹೆಂಡತಿಯೂ ಸೇರಿ ಮುಚ್ಚಿದ್ದು, ಅವರು ಹೋದ ಮೇಲೂ ಮುಟ್ಟಿಲ್ಲ ಎಂದರು ಅಜ್ಜ. ನೀರು? ಹಾಕಿಲ್ಲ. ಗಾಳಿ? ಬಿಟ್ಟಿಲ್ಲ.

ಅಮ್ಮ ಲೋಟ ಕೆಳಗಿಟ್ಟಳು. ಎಷ್ಟೋ ದಿನಗಳ ಮೇಲೆ ಅವಳ ಬೆನ್ನು ನೆಟ್ಟಗಾದದ್ದನ್ನು ಕಂಡೆ. "ಮತ್ತೆ ನಮ್ಮನೆ ಕಿಟಕಿಗೆ ಯಾಕಂತೆ ಅಷ್ಟು ರಾದ್ಧಾಂತ? ಅವರ ಮನೇಲಿ ಮುಚ್ಚಿಟ್ಟರೆ ಬದುಕುತ್ತೆ, ನಮ್ಮನೇಲಿ ಮುಚ್ಚಿಟ್ಟರೆ ಬೂಷ್ಟು ಬರುತ್ತಾ?"

ನನ್ನ ಗಂಡ ಬಾಯಿ ತೆರೆಯುವ ಮೊದಲೇ ನಾನು ಅದನ್ನು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿಗೆ ಹೇಳಿದೆ. ಅಜ್ಜ ನಕ್ಕರು. ಚಹಾ ಚಡ್ಡಿಯ ಮೇಲೆ ಚೆಲ್ಲುವಷ್ಟು ನಕ್ಕರು. ಬಲೂನು ಹಾರಿಸಿ ಹಾರಿಸಿ ತಲೆ ನೆರೆದ ನನ್ನನ್ನು ಯಾರೂ ಹೀಗೆ ಹಿಡಿದುಹಾಕಿರಲಿಲ್ಲ ಎಂದರು. ಆಮೇಲೆ ಕುರ್ಚಿಯನ್ನು ಅಮ್ಮನ ಹತ್ತಿರಕ್ಕೆ ಎಳೆದುಕೊಂಡು, ಜಾಡಿಯ ಗಾಜಿನ ಮೇಲಿನ ಹನಿಗಳನ್ನು ಬೆರಳಿಟ್ಟು ತೋರಿಸುತ್ತ ವಿವರಿಸಿದರು, ನಾನು ಕನ್ನಡಕ್ಕೆ ತಂದೆ. ಎಲೆ ನೀರನ್ನು ಹೊರಗೆ ಬಿಡುತ್ತದೆ, ಗಾಜಿನಲ್ಲಿ ಅದು ಹನಿಯಾಗುತ್ತದೆ, ಮಣ್ಣಿಗೆ ಇಳಿಯುತ್ತದೆ, ಬೇರು ಮತ್ತೆ ಕುಡಿಯುತ್ತದೆ. ಉದುರಿದ ಎಲೆಯನ್ನು ಮಣ್ಣಿನ ಹುಳುಹುಪ್ಪಟೆ ತಿಂದು ಗೊಬ್ಬರ ಮಾಡುತ್ತವೆ, ಅವು ಬಿಟ್ಟ ಉಸಿರನ್ನು ಎಲೆ ತಿನ್ನುತ್ತದೆ. ಹೊರಗಿನಿಂದ ಬೇಕಾದದ್ದು ಬಿಸಿಲು ಒಂದೇ. ಅದರೊಳಗೆ ಯಾರೂ ಕೊಡುವುದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ನಿಮ್ಮ ಕೋಣೆಯಲ್ಲಿ ನಾಲ್ಕು ಜನರ ಉಸಿರು, ಎರಡು ಸ್ನಾನ, ಸಾರು, ಹೊಗೆ ಎಲ್ಲ ಇತ್ತು, ಆದರೆ ಅದನ್ನು ವಾಪಸು ತೆಗೆದುಕೊಳ್ಳಲು ಒಂದು ಎಲೆಯೂ ಇರಲಿಲ್ಲ. ಆದ್ದರಿಂದ ಕಿಟಕಿ ತೆರೆದು ಹೊರಗಿನ ಕಾಡಿಗೆ, ಕಡಲಿಗೆ ಕಳಿಸಬೇಕು.

"ಹೊರಗಿನದು ತುಂಬಿದರೆ?" ಅಂದಳು ಅಮ್ಮ.

ಅಜ್ಜನ ನಗು ಸ್ವಲ್ಪ ಇಳಿಯಿತು. ನನ್ನ ಬಲೂನುಗಳು ಒಂದೆರಡು ಗಂಟೆ ಏರಿದರೆ ಅವನ್ನು ಹೊರುವ ಗಾಳಿಯೇ ತೆಳುವಾಗಿ, ಉಬ್ಬಿ ಒಡೆದುಹೋಗುತ್ತಿದ್ದವು, ಗಾಳಿ ಇರುವುದು ಅಷ್ಟೇ ಎತ್ತರ, ಅದರಾಚೆಗೆ ತೆರೆಯಲು ಕಿಟಕಿ ಇಲ್ಲ ಎಂದರು. ನೀವು ಹೇಳಿದ್ದು ಸರಿ, ಭೂಮಿಯೂ ಬಾಯಿ ಮುಚ್ಚಿದ ಜಾಡಿಯೇ.

ಅಮ್ಮ ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಜಾಡಿಯೊಳಗೆ ಕೂತು ಸಾಂಬ್ರಾಣಿ ಹಾಕಬಾರದು."

ಈಗ ಇಡೀ ಲೋಕ ಮಾಡುತ್ತಿರುವುದು ಅದನ್ನೇ, ಆದರೆ ನಾನು ಸಿಲಿಂಡರು ಹಿಡಿದು ಎಲ್ಲರ ಮನೆಗೂ ಓಡಲಾರೆ ಎಂದರು ಅಜ್ಜ. ಅಮ್ಮ ನಕ್ಕಳು. ನಗುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಅಳು ಬಂತು. ಅಜ್ಜನಿಗೆ ಕಾರಣ ಹೇಳಬೇಕಾಗಿರಲಿಲ್ಲ. ಈ ಮನೆ ಹಳೇದು, ಗೋಡೆಗೆ ಬೆಚ್ಚನೆಯ ಪದರವಿಲ್ಲ, ತಪ್ಪು ಮನೆಯದು, ಮೊಮ್ಮಗಳಿಗೆ ಚಳಿಯಾದೀತು ಎಂದು ಹೆದರಿದ ಅಜ್ಜಿಯದಲ್ಲ ಎಂದರು. ಈ ಊರಿನ ಗಾಳಿಗೆ ನಾನೂ ಹೆದರುತ್ತೇನೆ, ಬಲೂನಿನ ಜೊತೆ ಒಂದು ಸಲ ಬೇಲಿ ದಾಟಿದ್ದೇನೆ ಎಂದೂ ಸೇರಿಸಿದರು. ಆಮೇಲೆ ನನ್ನ ತೊಡೆಯ ಮೇಲಿದ್ದ ಮಗುವನ್ನು ಎರಡೂ ಕೈಯಿಂದ ಎತ್ತಿ, ಕೇಳದೆ ಹೇಳದೆ, ಅಮ್ಮನ ಮಡಿಲಿಗೆ ಹಾಕಿಬಿಟ್ಟರು.

ಟಿಕೆಟು ಮತ್ತೆ ಮುಂದಕ್ಕೆ ಹೋಯಿತು. ಒಪ್ಪಂದದ ಪ್ರಕಾರ ಬೆಳಿಗ್ಗೆ ಹತ್ತು ನಿಮಿಷ, ಮಧ್ಯಾಹ್ನ ಹತ್ತು ನಿಮಿಷ ಎಲ್ಲ ಕಿಟಕಿ ತೆರೆಯುವುದು, ಅಷ್ಟು ಹೊತ್ತು ಬಾಣಂತಿಯೂ ಮಗುವೂ ಅಜ್ಜನ ಮನೆಯಲ್ಲಿ ಕೂರುವುದು. ಅಮ್ಮ ಗಡಿಯಾರ ನೋಡಿಕೊಂಡು ಕಾಯುತ್ತಿದ್ದಳು, ಹನ್ನೊಂದನೆಯ ನಿಮಿಷಕ್ಕೆ ಗೋಡೆ ಬಡಿಯುತ್ತಿದ್ದಳು. ಅಜ್ಜನಿಗೆ ಮೆಣಸಿನ ಸಾರಿನ ರುಚಿ ಹತ್ತಿತು. ಕುಡಿದ ಮೇಲೆ ಕಣ್ಣೀರು ಒರೆಸಿಕೊಳ್ಳುತ್ತ ಇನ್ನೊಂದು ಲೋಟ ಕೇಳುತ್ತಿದ್ದರು.

ಮಗಳಿಗೆ ಮೂರು ವರ್ಷ ತುಂಬುವಾಗ ನನ್ನ ಗಂಡನಿಗೆ ಆಕ್ಲೆಂಡಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಯಂತ್ರವನ್ನು ಅಮ್ಮ ಹೊದಿಸಿದ್ದ ಟವೆಲಿನಲ್ಲೇ ಸುತ್ತಿ ಅಜ್ಜನಿಗೆ ವಾಪಸು ಕೊಟ್ಟು, ಬರ್ತಾ ಇರ್ತೀವಿ ಎಂದೆವು. ಹೋಗಲಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ಅವರಿಂದ ಕಾರ್ಡು ಬರುತ್ತಿತ್ತು. ನಾನು ಫೋನಿನಲ್ಲಿ ಒಂದು ಮೆಸೇಜು ಕಳಿಸಿ, ಬರುವ ರಜೆಗೆ ಖಂಡಿತ ಎಂದು ಬರೆಯುತ್ತಿದ್ದೆ. ಮಗಳು ಈಗ ಶಾಲೆಯ ಈಜು ತಂಡದಲ್ಲಿದ್ದಾಳೆ, ಒಂದೇ ಉಸಿರಿಗೆ ಕೊಳದ ಈ ತುದಿಯಿಂದ ಆ ತುದಿಗೆ ಹೋಗುತ್ತಾಳೆ. ಅದನ್ನಾದರೂ ಅವರಿಗೆ ತೋರಿಸಬಹುದಿತ್ತು... ವಿಮಾನದಲ್ಲಿ ಒಂದು ಗಂಟೆಯ ದೂರ ಅಷ್ಟೇ ಇತ್ತು.

ಅಮ್ಮನಿಗೆ ಹೇಳಲು ನನಗೆ ಮೂರು ದಿನ ಬೇಕಾಯಿತು. ಇವತ್ತು ಮಧ್ಯಾಹ್ನ ಫೋನು ಮಾಡಿದಾಗ ಮೈಸೂರಿನಲ್ಲಿ ಬೆಳಿಗ್ಗೆ. ಈಗ ತಾನೇ ಸ್ನಾನ, ಪೂಜೆ ಮುಗಿಸಿ ಕಾಫಿಗೆ ಕೂತೆ ಎಂದಳು. ಗಾಳಿರಾಯರು ಹೋಗಿಬಿಟ್ಟರಮ್ಮ ಎಂದೆ. ಅತ್ತ ಕಡೆ ಕಾಫಿ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, "ನರಳಲಿಲ್ಲ ತಾನೆ?" ಅಂದಳು. ಇಲ್ಲವಂತೆ ಎಂದೆ.

"ಸರಿ, ಫೋನ್ ಇಡು. ತಲೆಗೆ ನೀರು ಹಾಕ್ಕೊಂಡು ಬರ್ತೀನಿ."

"ಈಗ ತಾನೇ ಸ್ನಾನ ಆಯ್ತು ಅಂದೆಯಲ್ಲಮ್ಮ."

"ಅದು ದಿನದ ಸ್ನಾನ ಕಣೇ. ಇದು ನಮ್ಮವರು ಹೋದಾಗ ಮಾಡೋದು."