ಮೂರನೆಯ ತುಳಿತ

ಜೀಪಿನ ಸ್ಟೆಪ್ನಿ ಇಳಿಸಲು ಬಗ್ಗಿದವರು ಹಾಗೇ ನಿಂತುಬಿಟ್ಟರು. ಮೇಲೇಳಲಾಗಲಿಲ್ಲ, ಕೂರಲೂ ಆಗಲಿಲ್ಲ. "ಟೊಂಕ ಹಿಡದದ," ಎಂದರು, ನೆಲ ನೋಡುತ್ತಲೇ. ನ್ಯಾಲ್ಕಲ್‌ನಿಂದ ಜಹೀರಾಬಾದಿಗೆ ಇಪ್ಪತ್ತು ವರ್ಷದಿಂದ ಜೀಪು ಓಡಿಸುವ ನನ್ನ ಗಂಡ ಶರಣಪ್ಪ ಒಂದು ದಿನವೂ ಬೆನ್ನು ನೋವೆಂದವರಲ್ಲ. ಮಂಡಿ ಹಿಡಿದು ನಿಂತ ಆ ಭಂಗಿ ನೋಡಿ ನನಗೆ ನಗು ಬಂತು. ನಕ್ಕೆ.

ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ದವಾಖಾನೆಗೆ ಹೋಗೋಣ ಎಂದು ಯಾರೂ ಹೇಳಲಿಲ್ಲ. ಏಕೆಂದರೆ ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಹಿಮ್ಮಡಿಯಿಂದ ಮೂರು ಸಲ ತುಳಿದರೆ ಹಿಡಿದ ಟೊಂಕ ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ನಾನೂ ನಂಬಿದ್ದೆ. ಮದುವೆಯಾಗಿ ಬಂದ ವಾರದಲ್ಲೇ ಜನ ಬೆನ್ನು ಹಿಡಿದುಕೊಂಡು ಬರತೊಡಗಿದರು. ಕುರಿ ಕಾಯುವವರು, ಕಿರಾಣಿ ಅಂಗಡಿಯವರು, ಒಮ್ಮೆ ಹೆಡ್‌ಮಾಸ್ಟರು ಕೂಡ ಕನ್ನಡಕ ತೆಗೆದಿಟ್ಟು ನಮ್ಮ ಅಂಗಳದಲ್ಲಿ ಬೋರಲು ಮಲಗಿದ್ದರು. ಅಂಗನವಾಡಿ ಟೀಚರ್ ಆಗಿ ಸಿಗದ ಮರ್ಯಾದೆ ನನ್ನ ಹಿಮ್ಮಡಿಗೆ ಸಿಗುತ್ತಿತ್ತು. ಅದು ತಲೆಗೂ ಏರಿತ್ತು.

"ಮನ್ಯಾಗೇ ಔಷಧ ಅದ, ಮತ್ತ್ಯಾಕ ತಡ? ತುಳಿಯವ್ವ," ಎಂದರು ಅತ್ತೆ. ಇವರು ಗೋಣಿಚೀಲದ ಮೇಲೆ ಮಲಗಿದರು.

ಮೊದಲ ತುಳಿತಕ್ಕೆ ದೊಡ್ಡದಾಗಿ ಉಸಿರು ಬಿಟ್ಟರು. ಎರಡನೆಯದಕ್ಕೆ ನನ್ನ ಹಿಮ್ಮಡಿಯ ಕೆಳಗೆ ಏನೋ ಕಟಕ್ಕೆಂದಿತು. "ಬಿಡ್ತು ನೋಡು!" ಎಂದು ಅತ್ತೆ ಹಿಗ್ಗಿದರು. ಆದರೆ ಇವರ ಬಲಗಾಲು ಒಮ್ಮೆ ಅದುರಿ ಸುಮ್ಮನಾದದ್ದನ್ನು ನಾನು ನೋಡಿದೆ. ತಮ್ಮ ತೋಳನ್ನೇ ಕಚ್ಚಿಕೊಂಡದ್ದನ್ನೂ ನೋಡಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೂರು ಎಂದರೆ ಮೂರು.

ಮೂರನೆಯ ಸಲವೂ ತುಳಿದೆ.

ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೊರಟವರ ಬಲಗಾಲಿನ ಚಪ್ಪಲಿ ಹೊಸ್ತಿಲಲ್ಲೇ ಉಳಿಯಿತು. ಅದು ಕಳಚಿದ್ದು ಇವರಿಗೆ ಗೊತ್ತೇ ಆಗಲಿಲ್ಲ. ಪಾದ ಮೇಲೇಳುತ್ತಿರಲಿಲ್ಲ, ಎತ್ತಿಟ್ಟಾಗಲೆಲ್ಲ ನೆಲಕ್ಕೆ ಟಪ್ಪೆಂದು ಬಡಿಯುತ್ತಿತ್ತು.

ಜಹೀರಾಬಾದಿನ ಡಾಕ್ಟರು ಎಂಆರ್‌ಐ ಮಾಡಿಸಲು ಬೀದರಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕುಗಳಲ್ಲಿ ನೀರಿದ್ದರೆ ಬೆಳ್ಳಗೆ ಕಾಣುತ್ತವಂತೆ. ಇವರ ಕೆಳಗಿನ ಎರಡು ಕಪ್ಪಗಿದ್ದವು. ಡಿಸ್ಕಿನ ನಡುವಿನ ಲೋಳೆಯಲ್ಲಿ ಪ್ರೋಟಿಯೋಗ್ಲೈಕನ್ ಎಂಬುದು ನೀರನ್ನು ಹಿಡಿದಿಡುತ್ತದೆ, ವಯಸ್ಸಾದಂತೆ ಅದು ಒಡೆದು ಚೂರಾಗುತ್ತದೆ, ಆಮೇಲೆ ನೀರು ನಿಲ್ಲುವುದಿಲ್ಲ ಎಂದರು. ನೆನೆಸಿದ ಸಾಬುದಾನಿ ಒಣಗಿದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಡಿಸ್ಕಿನೊಳಗೆ ರಕ್ತನಾಳವಿಲ್ಲ, ಅದರ ಆಹಾರ ಮೇಲೆ ಕೆಳಗಿನ ಮೂಳೆಗಳಿಂದ ಜಿನುಗಿ ಬರಬೇಕು. ಆ ದಾರಿ ಮುಚ್ಚುತ್ತ ಬಂದಂತೆ ಒಳಗಿನ ಜೀವಕೋಶಗಳು ಉಪವಾಸ ಬೀಳುತ್ತವೆ, ಸುತ್ತಲೂ ಆಮ್ಲ ಹೆಚ್ಚುತ್ತದೆ, ಕೊನೆಗೆ ಅವು ಬಿಡುವ ಎಂಜೈಮುಗಳೇ ಡಿಸ್ಕನ್ನು ತಿನ್ನುತ್ತವೆ, ಹೊರಗಿನ ಗಟ್ಟಿ ಬಳೆ ಬಿರಿಯುತ್ತದೆ. ಇದೆಲ್ಲ ಇವರೊಳಗೆ ವರ್ಷಗಟ್ಟಲೆ ಸದ್ದಿಲ್ಲದೆ ನಡೆದಿತ್ತು. ಇವರು ಹಾಡು ಗುನುಗುತ್ತ ಗೇರು ಬದಲಿಸುತ್ತಿದ್ದರು. ಈಗ ಆ ಬಿರುಕಿನಿಂದ ಚೂರೊಂದು ಹೊರಬಂದು ನರವನ್ನು ಒತ್ತಿತ್ತು.

"ಏನರ ಭಾರ ಎತ್ತಿದ್ರೇನು?" ಎಂದು ಡಾಕ್ಟರು ಕೇಳಿದರು.

"ಸ್ಟೆಪ್ನಿ ಇಳಸಾಕ ಬಗ್ಗಿದ್ದೆರಿ," ಎಂದರು ಇವರು. ನನ್ನ ಕಡೆ ನೋಡಲಿಲ್ಲ.

ತುಳಿದದ್ದನ್ನು ನಾನೂ ಮುಚ್ಚಿಟ್ಟೆ.

ಆಪರೇಷನ್ ಆಯಿತು. ನೋವು ಹೋಯಿತು. ಪಾದ ಮಾತ್ರ ಏಳಲಿಲ್ಲ. ಫುಟ್ ಡ್ರಾಪ್ ಎಂದು ಚೀಟಿಯಲ್ಲಿ ಬರೆದು, ಕಾಲಿಗೆ ಕಟ್ಟಲು ಪ್ಲಾಸ್ಟಿಕ್ ಸ್ಪ್ಲಿಂಟ್ ಕೊಟ್ಟರು. ಆಕ್ಸಿಲರೇಟರ್ ಮೇಲಿನ ಪಾದ ಎದ್ದು ಬ್ರೇಕಿಗೆ ಹೋಗದಿದ್ದರೆ ಜೀಪು ಓಡಿಸುವುದು ಹೇಗೆ? ಈಗ ಅದನ್ನು ಬೇರೆಯವರು ಓಡಿಸುತ್ತಾರೆ. ಬೆಳಿಗ್ಗೆ ಅದರ ಹಾರನ್ ಕೇಳಿದರೆ ಇವರು ಟಿವಿ ಜೋರು ಮಾಡುತ್ತಾರೆ. ಊಟದ ತಟ್ಟೆ ಎಸೆದದ್ದೂ ಉಂಟು. ನೆಲ ಒರೆಸಿದವಳು ನಾನು, ಬೈಸಿಕೊಂಡವಳೂ ನಾನು. ನೋಡಲು ಬಂದವರಿಗೆಲ್ಲ ಅತ್ತೆ, "ಸೊಸಿ ತುಳದಳ್ರಿ, ಆದ್ರೂ ಕಮ್ಮಿ ಆಗ್ಲಿಲ್ಲ," ಎಂದು ವಿವರಿಸುತ್ತಾರೆ. ಅವರ ನಂಬಿಕೆ ಇನ್ನೂ ಗಟ್ಟಿ. ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು.

ಆರು ತಿಂಗಳಾದ ಮೇಲೆ ಚೆಕಪ್‌ಗೆ ಹೋದಾಗ ಇವರನ್ನು ಹೊರಗೆ ಕೂರಿಸಿ ನಾನೊಬ್ಬಳೇ ಡಾಕ್ಟರ ಬಳಿ ಹೋದೆ. "ಬೆನ್ನ ಮ್ಯಾಲ ಯಾರರ ತುಳದ್ರ ಹಿಂಗ ಆಗ್ತದೇನ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ನೋಡ್ರಿ, ಅಷ್ಟು ಒಣಗಿದ ಡಿಸ್ಕ್ ಕೆಮ್ಮಿದ್ರೂ ಹರೀಬಹುದು. ತುಳದ್ರೂ ಹರೀಬಹುದು. ಯಾವ್ದ್ರಿಂದ ಅಂತ ಈಗ ಹೇಳಾಕ ಬರಲ್ಲ."

ನಿನ್ನ ತಪ್ಪಲ್ಲ ಎಂಬ ಒಂದು ಮಾತಿಗಾಗಿ ಹೋಗಿದ್ದೆ. ಸಿಗಲಿಲ್ಲ. ಬಸ್ಸಿನಲ್ಲಿ ಇವರ ಪಕ್ಕ ಕೂತು ಕಿಟಕಿಯ ಕಡೆ ಮುಖ ಮಾಡಿ ಅಳುತ್ತ ಬಂದೆ.

ಮರುದಿನ ಸ್ಪ್ಲಿಂಟ್ ಕಟ್ಟುತ್ತ ಹೇಳಿಬಿಟ್ಟೆ. "ಎರಡನೇದಕ್ಕ ಕಟಕ್ ಅಂದಿದ್ದು ನನಗ ಗೊತ್ತಾಗಿತ್ರಿ. ನಿಮ್ಮ ಕಾಲು ನಡಗಿದ್ದೂ ನೋಡಿದ್ದೆ. ಆದ್ರೂ ತುಳದೆ."

ಇವರು ಟಿವಿಯಿಂದ ಕಣ್ಣು ಕೀಳಲಿಲ್ಲ.

"ಗೊತ್ತದ," ಎಂದರು. "ಬೆನ್ನು ನಂದೇ ಅಲ್ಲೇನು?"

ನನ್ನ ಕೈ ನಿಂತಿತು.

"ಪಟ್ಟಿ ಬಿಗಿ ಕಟ್ಟು. ನಿನ್ನಿ ಸಡ್ಲಾಗಿತ್ತು."

ಬಿಗಿಯಾಗಿ ಕಟ್ಟಿದೆ. ಇವರು ನನ್ನ ಹೆಗಲ ಮೇಲೆ ಮೈಭಾರವನ್ನೆಲ್ಲ ಹಾಕಿ ಎದ್ದು ನಿಂತರು. ಸಿಟ್ಟಿಗೆ ಹಾಗೆ ಒತ್ತಿದರೋ, ನಂಬಿ ಒತ್ತಿದರೋ, ಕೇಳಲು ನನಗೆ ಧೈರ್ಯ ಬರಲಿಲ್ಲ. ನನ್ನ ಹೆಗಲು ಬೇಡ ಎನ್ನಲಿಲ್ಲವಲ್ಲ, ಅಷ್ಟಕ್ಕೆ ನಾನು ಋಣಿ.