ಎರಡೂ ಕೈ ಎತ್ತಿದ ಅಂಪೈರು

ನಮ್ಮ ಮನೆಯವರಿಗೆ ಕೂತಲ್ಲಿ ಕೂರುವ ಅಭ್ಯಾಸವೇ ಇಲ್ಲ. ಮದುವೆಯಾಗಿ ಇಪ್ಪತ್ತೇಳು ವರ್ಷವಾಯಿತು, ಊಟದ ನಡುವೆ ಎರಡು ಸಲವಾದರೂ ಎದ್ದು ಹೋಗದೆ ತಟ್ಟೆ ಖಾಲಿ ಮಾಡಿದ್ದನ್ನು ನಾನು ನೋಡಿಲ್ಲ. ಹೆಸರು ರೇವಣಸಿದ್ದಪ್ಪ, ಊರು ಗದಗ, ಕೆಲಸ ಟೆಲಿಕಾಂ ಇಂಜಿನಿಯರು, ಮನೆ ಸ್ಯಾನ್ ಡಿಯೇಗೋದ ಮೀರಾ ಮೆಸಾದಲ್ಲಿ. ಇಷ್ಟು ಹೇಳಿದರೂ ಅವರು ಯಾರೆಂದು ಹೇಳಿದಂತಾಗುವುದಿಲ್ಲ. ಅವರು ಅಂಪೈರು. ಹದಿನೆಂಟು ವರ್ಷದಿಂದ ಪ್ರತಿ ಭಾನುವಾರ ಸ್ಯಾನ್ ಡಿಯೇಗೋದ ಕ್ರಿಕೆಟ್ ಲೀಗಿನಲ್ಲಿ ಟೋಪಿ ಹಾಕಿಕೊಂಡು ನಿಲ್ಲುತ್ತಾರೆ. ಬಿಸಿಲಲ್ಲಿ ಆರು ಗಂಟೆ ಅಲುಗಾಡದೆ ನಿಲ್ಲುವ ಮನುಷ್ಯನಿಗೆ ಮನೆಯ ಸೋಫಾದ ಮೇಲೆ ಆರು ನಿಮಿಷ ಕೂರಲಾಗದು. ಇನ್ನು ಮನೆಯಲ್ಲೂ ಅದೇ ಅಂಪೈರಿಕೆ. ನನಗೂ ಮಗಳಿಗೂ ಜಗಳವಾದರೆ ಇಬ್ಬರ ಮಾತನ್ನೂ ಕೇಳಿ ತೀರ್ಪು ಕೊಡುತ್ತಾರೆ. ಒಂದು ಸಲವಾದರೂ ಸುಮ್ಮನೆ ಹೆಂಡತಿಯ ಕಡೆ ನಿಂತಿದ್ದರೆ ಕೇಳಿ.

ಮಗಳು ಪ್ರಣತಿಯದೂ ಅದೇ ಕಾಲು. 2020ರಲ್ಲಿ ಕಾಲೇಜು ಮುಚ್ಚಿ ಕೋಣೆಯಲ್ಲಿ ಕೂತು ಕೂತು ಹುಚ್ಚು ಹಿಡಿದಂತಾಗಿದ್ದವಳು, ಮರುವರ್ಷ ಗೆಳತಿಯೊಬ್ಬಳ ಹಿಂದೆ ಹೋಗಿ ಗೇಲಿಕ್ ಫುಟ್‌ಬಾಲ್ ಕಲಿತಳು. ಐರ್ಲೆಂಡಿನವರ ಆಟ. ಚೆಂಡನ್ನು ಕೈಯಲ್ಲಿ ಹಿಡಿಯಲೂಬಹುದು, ಒದೆಯಲೂಬಹುದು. ಎರಡು ಎತ್ತರದ ಕಂಬ, ನಡುವೆ ಒಂದು ಅಡ್ಡಪಟ್ಟಿ. ಪಟ್ಟಿಯ ಕೆಳಗೆ ಬಲೆಗೆ ಹೊಡೆದರೆ ಗೋಲು, ಅದಕ್ಕೆ ಮೂರು ಪಾಯಿಂಟು. ಪಟ್ಟಿಯ ಮೇಲಿಂದ ಕಂಬಗಳ ನಡುವೆ ಹಾರಿಸಿದರೆ ಒಂದು. ಇಲ್ಲಿಯ ಹೆಣ್ಣುಮಕ್ಕಳ ತಂಡಗಳೆಲ್ಲ ಸೇರಿ 2022ರಲ್ಲಿ ನಾಕೌಟ್ ಕಪ್ಪು ಶುರು ಮಾಡಿದವು. ಒಂದು ಸೋತರೆ ಸೀದಾ ಮನೆಗೆ. ಮೊದಲ ವರ್ಷ ಮೊದಲ ಪಂದ್ಯದಲ್ಲೇ ನಮ್ಮವರು ಮನೆಗೆ ಬಂದರು. ಮೂರು ದಿನ ಅವಳು ಸರಿಯಾಗಿ ಉಣ್ಣಲಿಲ್ಲ, ನನಗೂ ಹೊಟ್ಟೆ ಉರಿಯಿತು. ಮುಂದಿನ ವರ್ಷ ಮೊದಲ ಪಂದ್ಯವನ್ನಾದರೂ ಗೆಲ್ಲಲೇಬೇಕೆಂದು ಚಳಿಗಾಲವಿಡೀ ಬೆಳಗಿನ ಐದಕ್ಕೆ ಎದ್ದು ಓಡಿದಳು.

ಆ ಪಂದ್ಯ ಬಂದದ್ದು 2023ರ ಮೇ ತಿಂಗಳಲ್ಲಿ, ಲಾಸ್ ಏಂಜಲಿಸ್‌ನ ತಂಡದ ಜೊತೆ, ಅವರದೇ ಮೈದಾನದಲ್ಲಿ. ಗೋಲಿನ ಪ್ರತಿ ಕಂಬದ ಪಕ್ಕ ಬಿಳಿ ಕೋಟು ತೊಟ್ಟ ಅಂಪೈರೊಬ್ಬರು ನಿಲ್ಲಬೇಕು. ತಂಡಕ್ಕಿಬ್ಬರನ್ನು ಕರೆತರುವುದು ರೂಢಿ. ನಮ್ಮ ಕಡೆ ಒಬ್ಬರು ಕಡಿಮೆ ಬಿದ್ದರು. ಇವರನ್ನು ಕೇಳಿದ್ದೇ ತಡ, ಒಪ್ಪಿದರು. ದಾರಿಯುದ್ದಕ್ಕೂ ಕಾರಿನಲ್ಲಿ ನಿಯಮ ಬಾಯಿಪಾಠ. ಪಾಯಿಂಟಿಗೆ ಬಿಳಿ ಬಾವುಟ, ಗೋಲಿಗೆ ಹಸಿರು. ಹೊರಗೆ ಹೋದರೆ ಬಾವುಟವಿಲ್ಲ, ಎರಡೂ ಕೈ ತಲೆಯ ಮೇಲೆತ್ತಿ ಆಡಿಸಬೇಕು. ನನಗೂ ಬಾಯಿಗೆ ಬಂದುಬಿಟ್ಟಿತು.

ನಾನು ಮಡಿಸುವ ಕುರ್ಚಿ ಹಾಕಿಕೊಂಡು ಇವರ ಕಂಬದ ಹಿಂದೆಯೇ ಕೂತೆ. ಕೂತೆ ಎನ್ನುವುದೂ ಸುಳ್ಳು. ಎದ್ದೆ, ಕೂತೆ, ನೀರು ಕುಡಿದೆ, ಮತ್ತೆ ಎದ್ದೆ. ಎರಡು ನಿಮಿಷ ಉಳಿದಾಗ ಎರಡೂ ತಂಡ ಸಮ. ಆಗ ಲಾಸ್ ಏಂಜಲಿಸ್‌ನ ಉದ್ದ ಜಡೆಯ ಹುಡುಗಿಯೊಬ್ಬಳು ದೂರದಿಂದ ಒದ್ದಳು. ಚೆಂಡು ಇವರ ಕಂಬದ ತುದಿಗಿಂತ ಎತ್ತರಕ್ಕೆ ಏರಿ ನನ್ನ ತಲೆಯ ಮೇಲಿಂದ ಹೋಯಿತು. ಒಳಗೋ ಹೊರಗೋ ಎಂದು ಈ ಕಂಬದ ಬುಡದಲ್ಲಿದ್ದವರಿಗಷ್ಟೇ ತಿಳಿಯುವ ಹೊಡೆತ, ಆಚೆ ಕಂಬದವರಿಗೂ ತಿಳಿಯದು. ಒಳಗೇ ಇತ್ತು. ಕಣ್ಣಾರೆ ನೋಡಿದೆ.

ಇವರೂ ನೋಡಿದರು. ನೋಡಿ, ಹದಿನೆಂಟು ವರ್ಷ ಯಾವ ಕೈಗಳಿಂದ ಸಿಕ್ಸರ್ ಕೊಟ್ಟಿದ್ದರೋ ಆ ಎರಡೂ ಕೈಗಳನ್ನು ಆಕಾಶಕ್ಕೆ ಎತ್ತಿಬಿಟ್ಟರು! ಬಿಳಿ ಬಾವುಟ ಹುಲ್ಲಿನ ಮೇಲೆ ಬಿದ್ದಿತ್ತು. ದೂರದಲ್ಲಿದ್ದ ರೆಫರಿಗೆ ಕಂಡದ್ದು ಬಾವುಟವಿಲ್ಲದ ಎರಡು ಕೈ. ಹೊರಗೆ ಎಂದ. ಜಡೆಯ ಹುಡುಗಿ ಕೂಗಾಡಿದಳು, ಯಾರೂ ಕೇಳಲಿಲ್ಲ. ನಮ್ಮ ಗೋಲ್‌ಕೀಪರ್ ಹುಡುಗಿ ಚೆಂಡನ್ನು ಒದ್ದಳು, ಅದು ಕೈಯಿಂದ ಕೈಗೆ ಹೋಯಿತು, ಆ ತುದಿಯಲ್ಲಿ ಪ್ರಣತಿ ಹಿಡಿದು ಪಟ್ಟಿಯ ಮೇಲಿಂದ ಹಾರಿಸಿದಳು. ರೆಫರಿ ಆಟ ಮುಗಿದ ಸೀಟಿ ಊದಿದ. ಒಂದು ಪಾಯಿಂಟಿನಿಂದ ಗೆದ್ದೆವು.

ಹುಡುಗಿಯರೆಲ್ಲ ನನ್ನ ಮಗಳ ಮೇಲೆ ಬಿದ್ದು ಕುಣಿಯುತ್ತಿದ್ದರು. ಇವರು ಅಂಕಿ ಬರೆದ ಹಲಗೆಯನ್ನೊಮ್ಮೆ, ತಮ್ಮ ಕೈಗಳನ್ನೊಮ್ಮೆ ನೋಡಿದರು. ಮುಖದ ಬಣ್ಣವೇ ಹೋಯಿತು. ನನಗೆ ಗೊತ್ತಾಯಿತು, ಈ ಮನುಷ್ಯ ಈಗ ಹೊರಡುತ್ತಾರೆ ಎಂದು. ಓಡಿಹೋಗಿ ಕೋಟಿನ ತೋಳು ಹಿಡಿದೆ.

"ಸುಮ್ನಿರ್ರಿ," ಎಂದೆ. "ಯಾರೂ ನೋಡಿಲ್ಲ."

"ನಾ ನೋಡೇನಲ್ಲ, ಜಯಾ."

"ಅಕಿ ಮಾರಿ ನೋಡ್ರಿ ಒಮ್ಮೆ. ವರ್ಷಗಟ್ಲೆ ಓಡ್ಯಾಳ ಅಕಿ."

ನೋಡಿದರು. ಕಣ್ಣು ತುಂಬಿತು. ತೋಳು ಬಿಡಿಸಿಕೊಂಡು ರೆಫರಿಯ ಕಡೆ ನಡೆದರು. ಮುಂದಿನದು ಹತ್ತೇ ನಿಮಿಷದ ಕಥೆ. ರೆಫರಿ ಎರಡೂ ತಂಡದ ನಾಯಕಿಯರನ್ನು ಕರೆದ, ಆ ಪಾಯಿಂಟನ್ನು ಲಾಸ್ ಏಂಜಲಿಸ್‌ಗೆ ಕೊಟ್ಟ. ಪಂದ್ಯ ಸಮವಾಯಿತು, ಹೆಚ್ಚಿನ ಆಟ ಆಡಿಸಿದ. ನಮ್ಮ ಹುಡುಗಿಯರ ಕಾಲಲ್ಲಿ ಜೀವವೇ ಉಳಿದಿರಲಿಲ್ಲ. ಎರಡು ಪಾಯಿಂಟಿನಿಂದ ಸೋತರು. ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ಆ ಬಿಳಿ ಕೋಟನ್ನು ಅಲ್ಲೇ ಹರಿದು ಹಾಕುತ್ತಿದ್ದೆ.

ವಾಪಸು ಬರುವಾಗ ನಾನೇ ಡ್ರೈವ್ ಮಾಡಿದೆ. ಫ್ರೀವೇ ತುಂಬ ಟ್ರಾಫಿಕ್ಕು. ಹಿಂದಿನ ಸೀಟಿನಲ್ಲಿ ಇವರು ಕಿಟಕಿ ಇಳಿಸುವುದು, ಏರಿಸುವುದು. ಮುಂದೆ ನನ್ನ ಪಕ್ಕದಲ್ಲಿ ಪ್ರಣತಿ, ಮೊಣಕಾಲಿಗೆ ಮಂಜುಗಡ್ಡೆ ಹಿಡಿದು ಕೂತಿದ್ದಳು. ನಾನು ತಡೆಯಲಾರದೆ ಶುರು ಮಾಡಿದೆ. ಬೇರೆಯವರ ಅಪ್ಪಂದಿರಾಗಿದ್ದರೆ ಹೀಗೆ ಮಾಡುತ್ತಿದ್ದರೇ, ಮಗಳಿಗಿಂತ ಇವರಿಗೆ ಆ ಕೋಟು ಹೆಚ್ಚಾಯಿತೇ, ಒಂದು ಮಾತು ನುಂಗಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದೆಲ್ಲ. ಇವರು ಮತ್ತೊಮ್ಮೆ ಕಿಟಕಿ ಇಳಿಸಿದರು.

ಪ್ರಣತಿ ನನ್ನ ಕಡೆ ತಿರುಗಿದಳು. ಈ ಹುಡುಗಿ ನಮ್ಮ ಕನ್ನಡಕ್ಕೆ ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು.

"ಅಮ್ಮಾ, ನೀನೂ ನೋಡಿದ್ದಿ?" ಎಂದಳು, ಕನ್ನಡದಲ್ಲಿ.

ನೋಡಿದ್ದೆ ಎಂದೆ.

"ಅಪ್ಪ ಹೇಳದಿದ್ರ, ನೀ ನನಗ ಹೇಳ್ತಿದ್ದಿ?"

ಮುಂದಿನ ಕಾರು ಒಂದಿಷ್ಟು ಸರಿಯಿತು, ನಾನೂ ಸರಿದೆ. ಹೇಳುತ್ತಿದ್ದೆ ಎನ್ನಲು ಬಾಯಿ ತೆರೆದೆ, ಆಗಲಿಲ್ಲ. ಇಲ್ಲ ಎಂದೆ.

ಅವಳು ಸೀಟ್‌ಬೆಲ್ಟು ಸಡಿಲಿಸಿ, ಹಿಂದಕ್ಕೆ ಕೈ ಚಾಚಿ, ಅಪ್ಪನ ಕೈ ಹಿಡಿದುಕೊಂಡಳು. ಮನೆ ಮುಟ್ಟುವವರೆಗೂ ಬಿಡಲಿಲ್ಲ.